ಡಾಕ್ಟರ ಮರಿಯಾ ಮೊಂಟೆಸ್ಸೋರಿ ಬಾಯಿಯವರ ಜೀವನ ವೃತ್ತಾಂತ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪ್ರತಿ ಸಲವೂ ಒಬ್ಬ ಸತ್ಪುರುಷರ ಇಲ್ಲವೆ ಸಾಧ್ವಿಯ ಚರಿತ್ರೆಯನ್ನು ಮುಖ್ಯೋಪಾಧ್ಯಾಯಿನಿಯಾದವಳು ಬರೆದು ಕೊಡಬೇಕೆಂಬ ವಾಡಿಕೆಯು ಬಹು ದಿವಸಗಳಿಂದ ನಡೆದು ಬಂದಿರುತ್ತದೆ. ಪಂಡಿತಾ ರಮಾಬಾಯಿಯವರ ಚರಿತ್ರೆಯೂ ಫ್ಲಾರೆನ್ಸ್ ನೈಟಿಂಗೇಲ ಬಾಯಿಯವರ ಚರಿತ್ರೆಯೂ ಹಿಂದೆ ಬಂದುದನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸಂಸಾರ ಹೂಡಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಈ ಸಲ ನಾವು ಇಟಲಿ ದೇಶದ ಒಬ್ಬ ವೈದ್ಯೆಯ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಈಕೆಯ ಹೆಸರನ್ನು ಕೇಳದ ಪೋಷಕರು ವಿರಳ; ಯಾಕಂದರೆ ಈಗ ಸಣ್ಣ ಪಟ್ಟಣಗಳಲ್ಲಿಯೂ ಆ ಹೆಸರಿನ ಹಲಗೆಯನ್ನು ತೂಗಹಾಕಿದ ಶಿಶುಶಾಲೆಗಳು ಎದ್ದಿರುತ್ತವೆ. ಆದರೆ ಆ ಬಾಯಿಯವರು ತಮ್ಮ ಕೆಲಸವನ್ನು ಎಂಥ ಮಕ್ಕಳ ನಡುವೆ ಆರಂಭಿಸಿದರೆಂಬದನ್ನು ಆ ಹಲಗೆಗಳ ಮೇಲೆ ಬರೆದಿರುವದಿಲ್ಲ. ಅದನ್ನು ತಿಳಿಸುವದೇ ನಮ್ಮ ಉದ್ದೇಶ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ನಮಗೆ ಗೌರವ ತರುವ ಸಂಗತಿಯಲ್ಲ. ಅದನ್ನು ಅದರ ಸ್ಥಳದಲ್ಲಿ ಹೇಳುವೆವು.

ಮರಿಯಾ ಬಾಯಿಯವರು 1870ನೆಯ ಇಸವಿ ಆಗಸ್ಟ 31ರಂದು ಇಟಲಿಯ ಅಂಕೋನಾ ಪ್ರಾಂತದ ಕಿಯಾರವಲ್ಲೆ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಅಲೆಸ್ಸಾಂದ್ರೋ ಸರಕಾರಿ ನೌಕರರು, ಹಳೆಯ ಶಿಸ್ತಿನ ಗೃಹಸ್ಥರು. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯುಳ್ಳ ಹೆಣ್ಣುಮಗಳು. ಇವರಿಗೆ ಮರಿಯಾ ಒಬ್ಬಳೇ ಮಗಳು. 1875ರಲ್ಲಿ ಕುಟುಂಬವು ರೋಮ್ ಪಟ್ಟಣಕ್ಕೆ ಬಂದು ನೆಲೆಸಿತು. ಹದಿಮೂರನೆಯ ವಯಸ್ಸಿನಲ್ಲಿ ಈ ಹುಡುಗಿಯು ಗಂಡುಹುಡುಗರು ಓದುವ ತಾಂತ್ರಿಕ ಶಾಲೆಯನ್ನು ಸೇರಿ, ತಾನು ಇಂಜಿನಿಯರಳಾಗುವೆನೆಂದು ಹಟ ಹಿಡಿದಳು. ತಂದೆತಾಯಿಗಳು ಶಿಕ್ಷಕಿಯಾಗಬಹುದಲ್ಲಾ ಎಂದು ಸೂಚಿಸಿದರೆ, ಬೇರೆ ಏನಾದರೂ ಆಗುವೆನು, ಶಿಕ್ಷಕಿ ಮಾತ್ರ ಆಗಲಾರೆನೆಂದು ಉತ್ತರ ಕೊಡುತ್ತಿದ್ದಳಂತೆ. ಶಿಕ್ಷಕಿಯರ ತರಬೇತಿಗೆ ಹೆಣ್ಣುಮಕ್ಕಳನ್ನು ಕಳಿಸಿರುವ ನಮ್ಮ ಪೋಷಕರು ಈ ಮಾತಿಗೆ ನಗದೆ ಇರಲಾರರು.

ಮುಂದೆ ಮನಸ್ಸು ವೈದ್ಯಶಾಸ್ತ್ರದ ಕಡೆಗೆ ತಿರುಗಿತು. 1890ರಲ್ಲಿ ರೋಮ್ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ವಿಜ್ಞಾನಗಳಿಗೆ ಹೆಸರು ಹಚ್ಚಿ, ಎರಡು ವರುಷಗಳ ಬಳಿಕ ಆ ಪರೀಕ್ಷೆ ದಾಟಿಕೊಂಡು, ವೈದ್ಯಕೀಯ ತರಗತಿಗೆ ಪ್ರವೇಶ ಪಡೆದರು. ತಂದೆಗೆ ಇದು ಸಮ್ಮತವಿರಲಿಲ್ಲ; ತಾಯಿಯು ಬೆನ್ನಿಗೆ ನಿಂತಳು. ಗಂಡಸರ ಸಂಗಡ ನಿಂತು ಹೆಂಗಸೊಬ್ಬಳು ಹೆಣವನ್ನು ಕೊಯ್ದು ನೋಡುವದು ಮರ್ಯಾದೆಯಲ್ಲವೆಂದು ಆ ಕಾಲದವರು ತಿಳಿಯುತ್ತಿದ್ದರು. ಆದಕಾರಣ ಎಲ್ಲರೂ ಹೋದ ಮೇಲೆ, ಹೊತ್ತು ಮುಳುಗಿದ ತರುವಾಯ, ಈಕೆಯು ಒಬ್ಬಳೇ ಆ ಕೋಣೆಯಲ್ಲಿ ನಿಂತು ಆ ಕೆಲಸವನ್ನು ಕಲಿಯಬೇಕಾಯಿತು. 1896ನೆಯ ಇಸವಿ ಜುಲೈ 10ರಂದು ಡಾಕ್ಟರ ಪದವಿಯು ದೊರೆಯಿತು. ಕೆಲವು ಪುಸ್ತಕಗಳಲ್ಲಿ ಇಟಲಿಯ ಮೊದಲನೆಯ ಸ್ತ್ರೀ ವೈದ್ಯೆ ಇವರೇ ಎಂದು ಬರೆದಿರುತ್ತಾರೆ. ಅದು ಸರಿಯಲ್ಲ, ಇವರಿಗಿಂತ ಮೊದಲು ಆ ಪದವಿಯನ್ನು ಪಡೆದ ಸ್ತ್ರೀಯರು ಅಲ್ಲಿ ಇದ್ದರು. ಇಂಥ ಅಲಂಕಾರವಿಲ್ಲದೆಯೂ ಈ ಚರಿತ್ರೆಯು ಸಾಕಷ್ಟು ದೊಡ್ಡದು.

ಪದವಿಯಾದ ಮರುವರುಷ ಬಾಯಿಯವರು ಅದೇ ವಿಶ್ವವಿದ್ಯಾಲಯದ ಮಾನಸಿಕ ಚಿಕಿತ್ಸಾಲಯದಲ್ಲಿ ಸಹಾಯಕರಾಗಿ ಸೇರಿದರು. ಆ ಕೆಲಸದ ನಿಮಿತ್ತ ಪಟ್ಟಣದ ಹುಚ್ಚರ ಆಸ್ಪತ್ರೆಗಳಿಗೆ ಹೋಗಬೇಕಾಗುತ್ತಿತ್ತು. ಮಾತು ಬಾರದ, ಕರೆದರೆ ತಿರುಗಿ ನೋಡದ, ಶಾಲೆಯವರು ಬೇಡವೆಂದು ಹೊರಗೆ ಹಾಕಿದ ಮಕ್ಕಳನ್ನು ಪ್ರಾಯದ ಹುಚ್ಚರ ಸಂಗಡಲೇ ಕೂಡಿಹಾಕುವ ರೂಢಿಯು ಆಗ ಇತ್ತು. ಒಂದು ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಒಂದು ಬರಿದಾದ ಕೋಣೆಯಲ್ಲಿ ಇಟ್ಟಿದ್ದರು. ಅವರನ್ನು ಕಾಯುವ ಹೆಂಗಸು ಅಸಹ್ಯಪಟ್ಟುಕೊಂಡು, ಈ ಮಕ್ಕಳು ಉಂಡಾದ ಮೇಲೂ ನೆಲದ ಮೇಲೆ ಬಿದ್ದು ರೊಟ್ಟಿಯ ಚೂರುಗಳನ್ನು ಆರಿಸುತ್ತವೆಂದು ದೂರಿದಳು. ಬಾಯಿಯವರು ಕೋಣೆಯ ನಾಲ್ಕೂ ಕಡೆ ನೋಡಿದರು. ಅಲ್ಲಿ ಒಂದು ಆಟಿಕೆಯಿಲ್ಲ, ಒಂದು ಕಲ್ಲಿಲ್ಲ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಏನೆಂದರೆ ಏನೂ ಇಲ್ಲ. ಈ ಮಕ್ಕಳು ಹಸಿದದ್ದು ಹೊಟ್ಟೆಗಲ್ಲ, ಕೈಗೆ ಕೆಲಸವಿಲ್ಲದೆ ಹಸಿದಿದ್ದಾರೆಂದು ಅವರಿಗೆ ಹೊಳೆಯಿತು. ಮೇಜಿನ ಕೆಳಗೆ ಬಿದ್ದ ಚೂರುಗಳ ಮಾತನ್ನಾಡಿದ ಕಾನಾನ್ಯ ಸ್ತ್ರೀಯ ಸಂಗತಿಯನ್ನು ನಾವೆಲ್ಲರೂ ಸುವಾರ್ತೆಯಲ್ಲಿ ಓದಿದ್ದೇವೆ. ಆಕೆಯೂ ಒಂದು ಅಸ್ವಸ್ಥ ಮಗುವಿನ ತಾಯಿಯೇ ಆಗಿದ್ದಳು. ಆ ಅಧ್ಯಾಯವನ್ನು ಎಷ್ಟೋ ಸಲ ಪ್ರಾರ್ಥನೆಯ ವೇಳೆಯಲ್ಲಿ ಓದಿಸಿದ ನಮಗೆ, ಚೂರು ಆರಿಸುವ ಕೈಯನ್ನು ಹಾಗೆ ನೋಡಬೇಕೆಂಬದು ತೋಚಿರಲಿಲ್ಲ.

ಅಂದಿನಿಂದ ಬಾಯಿಯವರು ಇಂಥ ಮಕ್ಕಳ ವಿಷಯದಲ್ಲಿ ಬರೆದವರು ಯಾರೆಂದು ಹುಡುಕತೊಡಗಿದರು. ಸಿಕ್ಕವರು ಇಬ್ಬರು, ಇಬ್ಬರೂ ಫ್ರಾನ್ಸ್ ದೇಶದವರು, ಲೋಕವು ಹೆಚ್ಚು ಕಡಿಮೆ ಮರೆತುಬಿಟ್ಟವರು. ಮೊದಲನೆಯವರು ಇಟಾರ್ಡ್ ಎಂಬ ವೈದ್ಯರು. 1800ನೆಯ ಇಸವಿಯ ಆರಂಭದಲ್ಲಿ ಅವೆರಾನ್ ಸೀಮೆಯ ಕಾಡಿನ ಅಂಚಿನಲ್ಲಿ ಸುಮಾರು ಹನ್ನೆರಡು ವರುಷದ ಒಬ್ಬ ಹುಡುಗನು ಸಿಕ್ಕಿದನು. ಮೈಮೇಲೆ ಬಟ್ಟೆಯಿಲ್ಲ, ಬಾಯಲ್ಲಿ ಮಾತಿಲ್ಲ. ಪ್ಯಾರಿಸಿನ ಹೆಸರಾದ ವೈದ್ಯ ಪಿನೆಲರು ಇವನನ್ನು ನೋಡಿ, ಇದು ಗುಣವಾಗದ ಬುದ್ಧಿಹೀನತೆ, ಶ್ರಮಪಡುವದು ವ್ಯರ್ಥ ಎಂಬ ಅಭಿಪ್ರಾಯಕ್ಕೆ ಬಂದರು. ಕಿವುಡ ಮೂಕರ ಶಾಲೆಯಲ್ಲಿದ್ದ ತರುಣ ಇಟಾರ್ಡರು ಆ ಮಾತನ್ನು ಒಪ್ಪದೆ, ಅವನಿಗೆ ವಿಕ್ಟರನೆಂದು ಹೆಸರಿಟ್ಟು, ಸುಮಾರು ಐದು ವರುಷ ಅವನ ಸಂಗಡ ಹೆಣಗಿದರು. ವಿಕ್ಟರನು ಅಕ್ಷರಗಳನ್ನು ಜೋಡಿಸಿ ಕೆಲವು ಶಬ್ದಗಳನ್ನು ಗುರುತಿಸಿದನು, ಮಾತಾಡಲು ಮಾತ್ರ ಕಲಿಯಲಿಲ್ಲ. ಇಟಾರ್ಡರು ತಾವು ಸೋತೆವೆಂದೇ ತಿಳಿದರು. ಆದರೆ ಅವರೇ ಬರೆದಿಟ್ಟ ಒಂದು ಸಂಗತಿಯು ನಮ್ಮ ಮನಸ್ಸಿನಿಂದ ಹೋಗದು. ವಿಕ್ಟರನನ್ನು ಸಾಕುತ್ತಿದ್ದ ಗೆರಿನ್ ಎಂಬ ಗೃಹಿಣಿಯ ಗಂಡನು ತೀರಿಕೊಂಡನು. ದಿನವೂ ಊಟದ ಮೇಜನ್ನು ಅಣಿಗೊಳಿಸುವದು ವಿಕ್ಟರನ ಕೆಲಸ. ಅಂದೂ ಎಂದಿನಂತೆ ಸತ್ತವನ ತಟ್ಟೆಯನ್ನು ಅವನ ಸ್ಥಳದಲ್ಲಿ ಇಟ್ಟನು. ಅದನ್ನು ಕಂಡು ಆ ವಿಧವೆಯು ಅತ್ತಳು. ಹುಡುಗನು ಆಕೆಯನ್ನು ನೋಡಿ, ತಟ್ಟೆಯನ್ನು ಮೆಲ್ಲಗೆ ತೆಗೆದು ಕಪಾಟಿನಲ್ಲಿ ಇಟ್ಟನು. ಆ ಮೇಲೆ ಆ ಸ್ಥಳದಲ್ಲಿ ಎಂದೂ ತಟ್ಟೆ ಇಡಲಿಲ್ಲ. ಮನಸ್ಸಿಲ್ಲದವನೆಂದು ಪಂಡಿತರು ಹೇಳಿದ ಹುಡುಗನು ಇವನೇ. ಇವನಿಗಿದ್ದದ್ದು ನಾವು ಈಗ ಸ್ವಲೀನತೆ ಇಲ್ಲವೆ ಆಟಿಸಂ ಎಂದು ಕರೆಯುವ ಸ್ಥಿತಿಯೇ ಎಂದು ಈಚಿನ ಕೆಲವು ವಿದ್ವಾಂಸರು ಎಣಿಸುತ್ತಾರೆ. ಬೇರೆ ಕೆಲವರು ಒಪ್ಪುವದಿಲ್ಲ.

ಎರಡನೆಯವರು ಇಟಾರ್ಡರ ಶಿಷ್ಯ ಸೆಗ್ಯಾಂ ಎಂಬವರು. ಇವರು ಇಂಥ ಮಕ್ಕಳಿಗಾಗಿಯೇ ಶಾಲೆ ನಡಿಸಿ, ಕಡೆಗೆ ಅಮೇರಿಕೆಗೆ ಹೋಗಿ ಅಲ್ಲಿಯೇ 1880ರಲ್ಲಿ ತೀರಿಕೊಂಡರು. ಇವರಿಬ್ಬರ ಗ್ರಂಥಗಳನ್ನು ಮರಿಯಾ ಬಾಯಿಯವರು ಓದಿ ಬಿಡಲಿಲ್ಲ. ಹಿಂದಿನ ಕಾಲದ ಸನ್ಯಾಸಿಗಳು ಮಠಗಳಲ್ಲಿ ಕುಳಿತು ಗ್ರಂಥ ನಕಲು ಮಾಡುತ್ತಿದ್ದ ಹಾಗೆ, ಒಂದೊಂದು ಶಬ್ದದ ತೂಕವು ತಿಳಿಯಲೆಂದು, ಆರು ನೂರು ಪುಟಗಳಷ್ಟು ದೊಡ್ಡ ಗ್ರಂಥವನ್ನೂ ಇಟಾಲಿಯನ್ ಭಾಷೆಯಲ್ಲಿ ಸ್ವಂತ ಕೈಯಿಂದ ಬರೆದು ತೆಗೆದರು. ಟ್ರೇನಿಂಗ ಕಾಲೇಜಿನಲ್ಲಿ ಪರೀಕ್ಷೆಗಾಗಿ ಇವರ ಹೆಸರನ್ನು ನಾಲ್ಕು ಸಾಲುಗಳಲ್ಲಿ ಉರುಹೊಡೆದ ನಮ್ಮಂಥವರು ಇದನ್ನು ಓದಿ ತಲೆ ತಗ್ಗಿಸಬೇಕು.

1898ರಲ್ಲಿ ತೂರಿನ್ ಪಟ್ಟಣದಲ್ಲಿ ಕೂಡಿದ ಶಿಕ್ಷಕರ ಮಹಾಸಭೆಯ ಮುಂದೆ ಬಾಯಿಯವರು ನಿಂತು, ಈ ಮಕ್ಕಳ ಪ್ರಶ್ನೆಯು ಔಷಧದ್ದಲ್ಲ, ಮುಖ್ಯವಾಗಿ ಶಿಕ್ಷಣದ್ದೆಂದು ವಾದಿಸಿದರು. ವೈದ್ಯೆಯಾದವಳು ಈ ಮಾತನ್ನಾಡಿದ್ದು ಶಿಕ್ಷಕರಿಗೆ ಆಶ್ಚರ್ಯವಾಯಿತು. 1900ನೆಯ ಇಸವಿಯಲ್ಲಿ ರೋಮ್ ಪಟ್ಟಣದಲ್ಲಿ ಇಂಥ ಮಕ್ಕಳ ಶಿಕ್ಷಕರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯು ಆರಂಭವಾಯಿತು. ಅದಕ್ಕೆ ಸೇರಿದ ಶಾಲೆಗೆ ಹುಚ್ಚರ ಆಸ್ಪತ್ರೆಯಿಂದಲೂ ಬೇರೆ ಶಾಲೆಗಳಿಂದಲೂ ಮಕ್ಕಳನ್ನು ತಂದರು. ವೈದ್ಯ ಮೊಂತೆಸಾನೋ ಎಂಬವರೂ ಮರಿಯಾ ಬಾಯಿಯವರೂ ಅದರ ಮುಖ್ಯಸ್ಥರಾದರು. ಬೆಳಿಗ್ಗೆ 8 ಗಂಟೆಯಿಂದ ಸಂಜೆ 7 ಗಂಟೆಯ ವರೆಗೆ ಬಾಯಿಯವರು ತಾವೇ ಮಕ್ಕಳ ಸಂಗಡ ಇರುತ್ತಿದ್ದರು. ರಾತ್ರಿ ಕುಳಿತು ಹಗಲಿನಲ್ಲಿ ಕಂಡದ್ದನ್ನೆಲ್ಲಾ ಬರೆದಿಡುತ್ತಿದ್ದರು. ಆ ಎರಡು ವರುಷಗಳೇ ಶಿಕ್ಷಣದಲ್ಲಿ ತಮಗೆ ದೊರೆತ ನಿಜವಾದ ಪದವಿಯೆಂದು ಅವರು ಮುಂದೆ ಹೇಳಿಕೊಂಡರು.

ಆ ಶಾಲೆಯ ಒಂದು ಸಂಗತಿಯನ್ನು ರಬಕವಿ-ಬನಹಟ್ಟಿಯ ನಮ್ಮ ನೇಕಾರ ಕುಟುಂಬದವರಿಗಾಗಿ ಬಿಡಿಸಿ ಹೇಳಬೇಕು. ಹನ್ನೊಂದು ವರುಷದ ಒಬ್ಬ ಹುಡುಗಿ ಇದ್ದಳು. ಕೈಗಳಲ್ಲಿ ಊನವಿಲ್ಲ, ಆದರೂ ಹೊಲಿಗೆ ಬಾರದು, ಹರಿದ ಬಟ್ಟೆಗೆ ರಫು ಮಾಡುವದು ಸಹ ಬಾರದು. ಎಷ್ಟು ತೋರಿಸಿದರೂ ಸೂಜಿಯನ್ನು ಎಳೆಯ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಹಾಯಿಸುವ ಕ್ರಮವು ಅವಳಿಗೆ ಹಿಡಿಯಲಿಲ್ಲ. ಶಿಕ್ಷಕಿಯಾದವಳು ಇಂಥಲ್ಲಿ ಏನು ಮಾಡುವಳೆಂಬದು ನಮಗೆ ಗೊತ್ತೇ ಉಂಟು: ಮತ್ತೆ ತೋರಿಸುವಳು, ಇನ್ನೊಮ್ಮೆ ತೋರಿಸುವಳು, ಮೂರನೆಯ ಸಲ ಧ್ವನಿ ಏರಿಸುವಳು. ಬಾಯಿಯವರು ಸೂಜಿಯನ್ನು ತೆಗೆದಿಟ್ಟರು. ಅದರ ಬದಲು ಕಾಗದದ ಪಟ್ಟಿಗಳಿಂದ ಚಾಪೆ ಹೆಣೆಯುವ ಆಟವನ್ನು ಕೊಟ್ಟರು. ಮೇಲಿನಿಂದ ಕೆಳಗೆ ಕಟ್ಟಿದ ಪಟ್ಟಿಗಳು ಹಾಸಿನ ಹಾಗೆ. ಅಡ್ಡ ಹೋಗುವ ಪಟ್ಟಿಯು ಹೊಕ್ಕಿನ ಹಾಗೆ. ಪಟ್ಟಿಯು ಅಗಲ, ಬಣ್ಣ ಬೇರೆ, ಕಣ್ಣಿಗೆ ಎದ್ದು ಕಾಣುವದು. ತಪ್ಪಿದರೆ ತಪ್ಪಿದ್ದು ತಾನೇ ಕಾಣುವದು, ಯಾರೂ ಬೈಯುವ ಕಾರಣವಿಲ್ಲ. ಕೆಲವು ದಿವಸಗಳಲ್ಲಿ ಹುಡುಗಿಯ ಕೈ ಅದರಲ್ಲಿ ಪಳಗಿತು. ಆಗ ಬಾಯಿಯವರು ಅವಳನ್ನು ತಿರುಗಿ ಸೂಜಿಯ ಬಳಿಗೆ ಕರೆತಂದರು. ಹುಡುಗಿಯು ರಫು ಮಾಡಿದಳು. ಮಾಡಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸುವದಕ್ಕಿಂತ, ಆ ಕೆಲಸಕ್ಕೆ ಬೇಕಾದ ಕೈಚಲನೆಯನ್ನು ಮೊದಲು ಬೇರೆ ಸುಲಭವಾದ ವಸ್ತುವಿನಲ್ಲಿ ಸಿದ್ಧಮಾಡಿಕೊಡಬೇಕೆಂಬ ಅವರ ತತ್ವವು ಇಲ್ಲಿಂದ ಬೆಳೆಯಿತು. ಅಕ್ಷರಗಳನ್ನು ಕಲಿಸಿದ್ದೂ ಹೀಗೆಯೇ. ಮರದಲ್ಲಿ ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿ ಆಡಿಸಿ, ಬರೆಯುವದಕ್ಕೆ ಮೊದಲೇ ಕೈಗೆ ಅಕ್ಷರದ ದಾರಿಯು ಗೊತ್ತಾಗುತ್ತಿತ್ತು.

ಈ ಸಂಗತಿಯನ್ನು ಓದುವಾಗ ನಮಗೆ ನೆನಪಾದ ಹುಡುಗಿಯ ಮಾತನ್ನು ಇಲ್ಲಿಯೇ ಹೇಳಿಬಿಡುವೆವು. ಕೆಲವು ವರುಷಗಳ ಹಿಂದೆ ಜೂನ್ ತಿಂಗಳಲ್ಲಿ ನೇಕಾರ ಮನೆತನದ ಒಬ್ಬ ಗೃಹಸ್ಥರು ಹತ್ತು ವರುಷದ ಮಗಳನ್ನು ನಮ್ಮ ಪ್ರಾಥಮಿಕ ವಿಭಾಗಕ್ಕೆ ಸೇರಿಸಿದರು. ಕೂಸು ಕರೆದರೆ ನೋಡುವದಿಲ್ಲ. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಬದಲಾಗಿ ಆ ಪ್ರಶ್ನೆಯನ್ನೇ ತಿರುಗಿ ಹೇಳುವದು. ತರಗತಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನೆಲ್ಲಾ ಅಳತೆಯ ಪ್ರಕಾರ ಸಾಲಾಗಿ ಹಚ್ಚುವದು, ಯಾರಾದರೂ ಒಂದನ್ನು ಎತ್ತಿಕೊಂಡರೆ ಅಳುವದು. ಗಂಟೆ ಬಾರಿಸಿದ ಕೂಡಲೇ ಕಿವಿ ಮುಚ್ಚಿಕೊಂಡು ಚೀರುವದು. ಪ್ರಾರ್ಥನೆಯಲ್ಲಿ ಎಲ್ಲರೂ ಹಾಡಲು ನಿಂತರೆ ಹೊರಗೆ ಓಡುವದು. ಮೂರು ವಾರಗಳಲ್ಲಿ ಶಿಕ್ಷಕಿಯರು ಬೇಸತ್ತರು. ಬೇರೆ ಪೋಷಕರು ಬಂದು ದೂರಿದರು. ನಾವು ತಂದೆಯವರನ್ನು ಕರೆಯಿಸಿ, ಇಂಥ ಮಕ್ಕಳಿಗೆ ಬೇರೆ ಶಾಲೆಗಳು ಇರುತ್ತವೆ, ಬೆಳಗಾವಿ ಹುಬ್ಬಳ್ಳಿಗಳ ಕಡೆ ವಿಚಾರಿಸಿರಿ ಎಂದು ಬಹು ಮೃದುವಾಗಿಯೇ ಹೇಳಿದೆವು. ದಿನಗೂಲಿಯ ಮೇಲೆ ನೇಯುವವರು ಮಗಳನ್ನು ಹುಬ್ಬಳ್ಳಿಯಲ್ಲಿಟ್ಟು ಹೇಗೆ ಓದಿಸುವರೆಂದು ನಾವು ಕೇಳಿಕೊಳ್ಳಲಿಲ್ಲ. ಅವರು ಕೈ ಮುಗಿದು, ಮಗಳನ್ನು ಕರೆದುಕೊಂಡು ಹೋದರು. ಶಾಲೆಯ ದಾಖಲೆಯಲ್ಲಿ, ಪೋಷಕರ ಇಚ್ಛೆಯಂತೆ ಬಿಡಿಸಲಾಗಿದೆ ಎಂದು ನಾವು ನಮ್ಮ ಕೈಯಿಂದಲೇ ಬರೆದೆವು. ಆರರಿಂದ ಹದಿನಾಲ್ಕು ವರುಷದ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕಬಾರದೆಂಬ 2009ನೆಯ ಇಸವಿಯ ಕಾಯಿದೆಯು ನಮ್ಮ ಮೇಜಿನ ಮೇಲೆಯೇ ಇತ್ತು.

ಮರಿಯಾ ಬಾಯಿಯವರ ಶಾಲೆಯಲ್ಲಿ ಎರಡು ವರುಷಗಳಲ್ಲಿ ಆದದ್ದನ್ನು ಕೇಳಿ ರೋಮ್ ಪಟ್ಟಣವು ಬೆರಗಾಯಿತು. ಆಸ್ಪತ್ರೆಯಿಂದ ತಂದ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು, ಸಾಮಾನ್ಯ ಶಾಲೆಯ ಮಕ್ಕಳ ಸಂಗಡಲೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಎಲ್ಲರೂ ಇದನ್ನು ಅದ್ಭುತವೆಂದು ಹೊಗಳುತ್ತಿರುವಾಗ ಬಾಯಿಯವರು ಮಾತ್ರ ಬೇರೆ ಯೋಚನೆಯಲ್ಲಿದ್ದರು. ಇಂಥ ಮಕ್ಕಳು ಇಷ್ಟನ್ನು ಮಾಡಬಲ್ಲರಾದರೆ, ಆರೋಗ್ಯವುಳ್ಳ ಮಕ್ಕಳು ಸಾಮಾನ್ಯ ಶಾಲೆಗಳಲ್ಲಿ ಇಷ್ಟು ಹಿಂದೆ ಉಳಿದಿರುವದು ಯಾಕೆಂಬದೇ ಅವರ ಚಿಂತೆಯಾಗಿತ್ತು. ಈ ಪ್ರಶ್ನೆಯಿಂದಲೇ ಅವರ ಲೋಕಪ್ರಸಿದ್ಧ ಪದ್ಧತಿಯು ಹುಟ್ಟಿತು. ಆದರೆ ನಮಗೆ ಇಲ್ಲಿ ಒಂದು ವ್ಯಸನವೂ ಉಂಟು. ಯಾವ ಮಕ್ಕಳಿಗಾಗಿ ಆ ಮರದ ಅಕ್ಷರಗಳು, ಹೆಣೆಯುವ ಪಟ್ಟಿಗಳು ಹುಟ್ಟಿದವೋ ಆ ಮಕ್ಕಳನ್ನು ಬಿಟ್ಟು, ಪದ್ಧತಿಯು ಬಲವುಳ್ಳವರ ಮಕ್ಕಳ ಕಡೆಗೆ ನಡೆದು ಹೋಯಿತು. ಇಂದು ಅದರ ಹೆಸರಿನ ಎಷ್ಟೋ ಶಾಲೆಗಳ ಶುಲ್ಕವನ್ನು ಕೇಳಿದರೆ ಸಾಧಾರಣ ಪೋಷಕರು ಮೆಟ್ಟಲನ್ನೂ ಹತ್ತುವದಿಲ್ಲ.

ಆ ಆಸ್ಪತ್ರೆಯ ಮಕ್ಕಳನ್ನೆಲ್ಲಾ ಆ ಕಾಲದವರು ಒಂದೇ ಕೀಳಾದ ಹೆಸರಿನಿಂದ ಕರೆಯುತ್ತಿದ್ದರು. ಅವರಲ್ಲಿ ಯಾರು ಯಾವ ಸ್ಥಿತಿಯವರೆಂದು ಈಗ ಹೇಳುವದು ಅಸಾಧ್ಯ. 1920ರ ದಶಕದಲ್ಲಿ ಮಾಸ್ಕೋ ಪಟ್ಟಣದ ಸುಖರೇವಾ ಎಂಬ ವೈದ್ಯೆಯೂ, 1943ರಲ್ಲಿ ಅಮೇರಿಕೆಯ ಬಾಲ್ಟಿಮೋರದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರೂ, 1944ರಲ್ಲಿ ವಿಯೆನ್ನಾ ಪಟ್ಟಣದ ಆಸ್ಪರ್ಗರ್ ಎಂಬವರೂ ಇಂಥ ಕೆಲವು ಮಕ್ಕಳನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದರು. ವಿಯೆನ್ನಾದ ವೈದ್ಯರ ವಿಷಯದಲ್ಲಿ, ಅವರು ಕೆಲವು ಮಕ್ಕಳನ್ನು ನಾಜಿ ಸರಕಾರದವರು ಮಕ್ಕಳನ್ನು ಕೊಲ್ಲುತ್ತಿದ್ದ ಆಸ್ಪತ್ರೆಗೆ ಕಳಿಸಿದರೆಂಬ ಘೋರ ಸಂಗತಿಯು 2018ರಲ್ಲಿ ದಾಖಲೆಗಳ ಸಹಿತ ಹೊರಬಿದ್ದಿತು. ಆ ಬಳಿಕದ ಕೆಲವು ದಶಕಗಳಲ್ಲಿ ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂದು ದೊಡ್ಡ ದೊಡ್ಡ ವೈದ್ಯರೇ ಹೇಳಿ, ಎಷ್ಟೋ ತಾಯಂದಿರ ಕರುಳನ್ನು ಸುಟ್ಟರು. ಅದು ಶುದ್ಧ ಸುಳ್ಳೆಂದು ಮುಂದೆ ತಿಳಿದುಬಂತು. ಸ್ವಲೀನತೆಯು ಯಾರ ತಪ್ಪಿನಿಂದಲೂ ಬರುವದಲ್ಲ, ಅದು ರೋಗದಂತೆ ವಾಸಿಯಾಗಿ ಹೋಗುವದೂ ಅಲ್ಲ. ಮೆದುಳಿನ ಬೆಳವಣಿಗೆಯೇ ಬೇರೆ ರೀತಿಯಾಗಿರುತ್ತದೆ. ನಮ್ಮ ದೇಶದಲ್ಲಿ 2016ನೆಯ ಇಸವಿಯ ವಿಕಲಚೇತನರ ಹಕ್ಕುಗಳ ಕಾಯಿದೆಯು ಇದನ್ನು 21 ಬಗೆಯ ಊನಗಳಲ್ಲಿ ಒಂದೆಂದು ಎಣಿಸಿ, ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂದು ವಿಧಿಸಿರುತ್ತದೆ. ಕುರುಡ ಮಕ್ಕಳಿಗೆ ನಮ್ಮ ಸೀಮೆಯಲ್ಲಿಯೇ ಗದಗಿನ ಪಂಚಾಕ್ಷರಿ ಗವಾಯಿಗಳು ಸಿಕ್ಕಿದರು. ತಾವೇ ಕುರುಡರಾಗಿ, 1944ರಲ್ಲಿ ತೀರಿಕೊಳ್ಳುವ ವರೆಗೂ ಅನಾಥ ಕುರುಡ ಮಕ್ಕಳನ್ನು ಸಾಕಿ ಸಂಗೀತಗಾರರನ್ನಾಗಿ ಮಾಡಿದರು. ಹೊರಗೆ ಕಾಣದ ಊನವುಳ್ಳ ಮಕ್ಕಳಿಗೆ ಅಂಥ ಆಶ್ರಯವು ಬಹು ಕಾಲ ಸಿಕ್ಕಲಿಲ್ಲ.

ಇನ್ನು ಬಾಯಿಯವರ ಸ್ವಂತ ಜೀವನದ ಒಂದು ಸಂಗತಿ. ಇದನ್ನು ಬಿಟ್ಟು ಬರೆದರೆ ಚರಿತ್ರೆಯು ಅರ್ಧವಾಗುವದು. 1898ನೆಯ ಇಸವಿ ಮಾರ್ಚ 31ರಂದು ಅವರಿಗೆ ಒಬ್ಬ ಗಂಡುಮಗನು ಹುಟ್ಟಿದನು, ಅವರು ವಿವಾಹವಾಗಿರಲಿಲ್ಲ. ಮಗುವಿನ ತಂದೆ ಮೊಂತೆಸಾನೋ ವೈದ್ಯರೇ. ಆ ಕಾಲದ ಸಮಾಜದ ಭಯಕ್ಕೆ ಮಗುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಗುಪ್ತವಾಗಿ ಬೆಳಿಸಿದರು. 1901ರಲ್ಲಿ ಮೊಂತೆಸಾನೋ ಬೇರೆ ಸ್ತ್ರೀಯನ್ನು ವರಿಸಿದರು. ಅದೇ ವರುಷ ಬಾಯಿಯವರು ಆ ಶಾಲೆಯನ್ನು ಬಿಟ್ಟುಹೋದರು. ಪರರ ಮಕ್ಕಳಿಗಾಗಿ ಹಗಲಿರುಳು ದುಡಿದವರು ತಮ್ಮ ಮಗನನ್ನು ಆಗಾಗ ಹೋಗಿ, ತಾಯಿಯೆಂದು ಹೇಳಿಕೊಳ್ಳದೆ ನೋಡಿ ಬರುತ್ತಿದ್ದರು. ನಾವು ಇದನ್ನು ಮುಚ್ಚುವದೂ ಇಲ್ಲ, ಕಲ್ಲೆತ್ತುವದೂ ಇಲ್ಲ. ತಾಯಿ ರೆನಿಲ್ದೆಯು 1912ರಲ್ಲಿ ತೀರಿಕೊಂಡ ಮೇಲೆ, ಸುಮಾರು ಹದಿನೈದು ವರುಷದ ಆ ಹುಡುಗ ಮಾರಿಯೋನನ್ನು ಬಾಯಿಯವರು ತಮ್ಮ ಬಳಿಗೆ ಕರೆದುಕೊಂಡರು. ಆದರೂ ಲೋಕದೆದುರು ಅವನು ಬಹಳ ವರುಷ ಸೋದರಳಿಯನೇ ಆಗಿದ್ದನು.

1907ನೆಯ ಇಸವಿ ಜನವರಿ 6ರಂದು, ಜ್ಞಾನಿಗಳು ಬಾಲಯೇಸುವನ್ನು ಕಂಡ ಹಬ್ಬದ ದಿನ, ರೋಮ್ ಪಟ್ಟಣದ ಸಾನ್ ಲೊರೆಂಜೋ ಎಂಬ ಬಡವರ ಕೇರಿಯಲ್ಲಿ ಬಾಯಿಯವರ ಮೊದಲನೆಯ ಮಕ್ಕಳ ಮನೆಯು ತೆರೆಯಿತು. ಕೂಲಿಗೆ ಹೋಗುವ ತಂದೆತಾಯಿಗಳು ಬಿಟ್ಟುಹೋದ ಮಕ್ಕಳು ಗೋಡೆ ಕೆಡಿಸುತ್ತವೆಂದು ಕಟ್ಟಡದ ಮಾಲಿಕರು ಅವರನ್ನು ಒಂದು ಕೋಣೆಯಲ್ಲಿ ಕೂಡಿಸಲು ಬಯಸಿದರು. ಈ ಮಹಾಕಾರ್ಯದ ಮೂಲವು ಇಷ್ಟೇ. ಸುಮಾರು ಐವತ್ತು ಮಕ್ಕಳು, ತರಬೇತಿಯಿಲ್ಲದ ಒಬ್ಬ ಹುಡುಗಿ ಶಿಕ್ಷಕಿ, ಹಿಂದಿನ ಶಾಲೆಯಲ್ಲಿ ಪರೀಕ್ಷಿಸಿದ ಸಾಮಾನುಗಳು. ಮುಂದೆ ಆದದ್ದನ್ನು ನಮ್ಮ ವಾಚಕರು ಬೇರೆ ಪುಸ್ತಕಗಳಲ್ಲಿ ಓದಿರಬಹುದು. ನಾವು ಒಂದು ಆಟವನ್ನು ಮಾತ್ರ ಹೇಳುವೆವು. ಬಾಯಿಯವರು ಮಕ್ಕಳನ್ನು ಕದಲದೆ ಕೂಡ್ರಿಸಿ, ಗಡಿಯಾರದ ಸದ್ದು ಕೇಳುವಷ್ಟು ನಿಶ್ಶಬ್ದ ಮಾಡಿ, ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನು ಪಿಸುದನಿಯಿಂದ ಕರೆಯುತ್ತಿದ್ದರು. ಕರೆಸಿಕೊಂಡ ಮಗುವು ಹೆಜ್ಜೆಯ ಸದ್ದಾಗದ ಹಾಗೆ ಎದ್ದು ಬರುತ್ತಿತ್ತು. ಕೂಗಿ ಕರೆದರೆ ಬಾರದವರು ಪಿಸುದನಿಗೆ ಬಂದರು. ನಮ್ಮ ಶಾಲೆಗಳಲ್ಲಿ ಎಷ್ಟು ಗದ್ದಲವನ್ನು ನಾವು ಶಿಸ್ತೆಂದು ತಿಳಿದಿದ್ದೇವೆಂಬದನ್ನು ಯಾರೂ ಅಳೆದು ನೋಡಿದಂತಿಲ್ಲ.

1909ರಲ್ಲಿ ಅವರ ಗ್ರಂಥವು ಹೊರಬಿದ್ದು ನಾನಾ ಭಾಷೆಗಳಿಗೆ ತಿರುಗಿತು. 1913ರಿಂದ ದೇಶದೇಶಗಳ ಶಿಕ್ಷಕರು ಅವರ ಬಳಿ ಕಲಿಯಲು ಬಂದರು. ಇಟಲಿಯ ಸರ್ವಾಧಿಕಾರಿ ಮುಸ್ಸೋಲಿನಿಯ ಆಶ್ರಯವನ್ನು ಅವರು ಕೆಲವು ಕಾಲ ಸ್ವೀಕರಿಸಿದ್ದು ನಮಗೆ ಒಪ್ಪಿಗೆಯಾಗದ ಸಂಗತಿ; 1934ರಲ್ಲಿ ಅದು ಮುರಿದು, ಶಾಲೆಗಳು ಮುಚ್ಚಿ, ಬಾಯಿಯವರು ದೇಶ ಬಿಟ್ಟರು. ಸ್ಪೇನದಲ್ಲಿದ್ದರೆ ಅಲ್ಲಿ 1936ರಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿಂದ ಹಾಲೆಂಡಿಗೆ ಹೋದರು.

1939ರಲ್ಲಿ, ಅರುವತ್ತೊಂಬತ್ತು ವರುಷದ ಬಾಯಿಯವರು ಮಗನ ಸಂಗಡ ಮದ್ರಾಸಿನ ಅಡ್ಯಾರಿಗೆ ಬಂದರು. ಅರುಂಡೇಲ್ ದಂಪತಿಗಳು ಅವರನ್ನು ಕರೆಸಿದ್ದರು. ಗರಿಯ ಗುಡಿಸಲುಗಳಲ್ಲಿ ನಡೆದ ಮೊದಲನೆಯ ತರಗತಿಗೆ ಮುನ್ನೂರರಷ್ಟು ಶಿಕ್ಷಕರು ಸೇರಿದರು. ಕೆಲವು ತಿಂಗಳು ಇರಲು ಬಂದವರು ಯುದ್ಧದ ದೆಸೆಯಿಂದ ಸುಮಾರು ಏಳು ವರುಷ ಇಲ್ಲಿಯೇ ಉಳಿದರು. 1940ರ ಜೂನ್ ತಿಂಗಳಲ್ಲಿ ಇಟಲಿಯು ಯುದ್ಧಕ್ಕೆ ಇಳಿದೊಡನೆ ಇಂಗ್ಲಿಷ ಸರಕಾರಕ್ಕೆ ಇವರಿಬ್ಬರೂ ಶತ್ರು ದೇಶದವರಾದರು. ಬಾಯಿಯವರನ್ನು ಅಡ್ಯಾರು ಬಿಟ್ಟು ಕದಲಬಾರದೆಂದು ವಿಧಿಸಿ, ಮಾರಿಯೋನನ್ನು ಅಹಮದನಗರದ ಬಂದಿಶಿಬಿರಕ್ಕೆ ಒಯ್ದರು. ಜಮಖಂಡಿ ಮುಧೋಳಗಳು ಆಗ ಇನ್ನೂ ಸಂಸ್ಥಾನಗಳಾಗಿದ್ದವು. ಇದೇ ದಖ್ಖಣದ ಒಂದು ಮೂಲೆಯಲ್ಲಿ ಆ ಪರದೇಶಿ ಮಗನು ಕೂಡಿಬಿದ್ದಿದ್ದನು. ಹೆಸರಿಗೆ ಅವನು ಇನ್ನೂ ಸೋದರಳಿಯ. ಆಗಸ್ಟ 31ರಂದು ಬಾಯಿಯವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸರಾಯರಿಂದ ತಂತಿಯೊಂದು ಬಂತು. ಹುಟ್ಟುಹಬ್ಬದ ಕಾಣಿಕೆಯಾಗಿ ಆಕೆಯ ಮಗನನ್ನು ಆಕೆಗೆ ಒಪ್ಪಿಸಿಕೊಡುವೆವೆಂಬ ಅಭಿಪ್ರಾಯವು ಅದರಲ್ಲಿತ್ತು. ನಾಲ್ವತ್ತೆರಡು ವರುಷ ತಾಯಿಯು ಬಹಿರಂಗವಾಗಿ ಆಡಲಾರದೆ ಇದ್ದ ಶಬ್ದವನ್ನು ಒಬ್ಬ ಪರ ಸರಕಾರದ ಅಧಿಕಾರಿಯು ತಂತಿಯಲ್ಲಿ ಬರೆದು ಕಳಿಸಿದನು.

ಅಡ್ಯಾರಿನ ಸೆಕೆಯನ್ನು ತಾಳಲಾರದೆ ಕೆಲವು ವರುಷ ಕೊಡೈಕನಾಲದಲ್ಲಿದ್ದು ಅಲ್ಲಿಯೂ ಒಂದು ಶಾಲೆ ನಡಿಸಿದರು. ಅಹಮದಾಬಾದ, ಕರಾಚಿ, ಸಿಂಹಳ ಎಲ್ಲ ಕಡೆಗೂ ಹೋಗಿ ಕಲಿಸಿದರು. ಸಾವಿರಕ್ಕೆ ಮಿಕ್ಕಿದ ಶಿಕ್ಷಕರು ಈ ದೇಶದಲ್ಲಿ ಅವರಿಂದ ತರಬೇತಿ ಹೊಂದಿದರೆಂದು ಎಣಿಸುತ್ತಾರೆ. 1946ರಲ್ಲಿ ಯುರೋಪಕ್ಕೆ ಮರಳಿ, 1947ರಲ್ಲಿ ಮತ್ತೆ ಬಂದು, 1949ರಲ್ಲಿ ಕಡೆಯದಾಗಿ ಹೊರಟುಹೋದರು. 1952ನೆಯ ಇಸವಿ ಮೇ 6ರಂದು ಹಾಲೆಂಡಿನ ಸಮುದ್ರ ತೀರದ ನೊರ್ಡ್‌ವೈಕ್ ಎಂಬ ಊರಿನಲ್ಲಿ, ಎಂಬತ್ತೊಂದು ವರುಷದವರಾಗಿ, ಮಗನು ಹತ್ತಿರದಲ್ಲಿರುವಾಗಲೇ ಪ್ರಾಣ ಬಿಟ್ಟರು. ಸಮಾಧಿಯು ಅಲ್ಲಿಯೇ ಇದೆ. ಮಾರಿಯೋ ತಾಯಿಯ ಕೆಲಸವನ್ನು 1982ರಲ್ಲಿ ತಾನು ತೀರಿಕೊಳ್ಳುವ ವರೆಗೂ ನಡಿಸಿದನು.

ನಾವು ಹೊರಗೆ ಕಳಿಸಿದ ಹುಡುಗಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಬಾಯಿಯವರ ಗ್ರಂಥವನ್ನು ಓದಿದ ಮುಂದಿನ ಶನಿವಾರ ನಾವು ಅವರ ಮನೆಗೆ ಹೋದೆವು. ಒಳಗೆ ವಿದ್ಯುತ್ ಮಗ್ಗಗಳ ಅಬ್ಬರ. ನಮ್ಮ ಮಾತು ನಮಗೇ ಕೇಳಿಸದು. ಆ ಅಬ್ಬರದ ನಡುವೆ ಹುಡುಗಿಯು ಗೋಡೆಗೆ ಆತು ಕುಳಿತು ಕಂಡಿಕೆ ಸುತ್ತುತ್ತಿದ್ದಳು, ಕಿವಿ ಮುಚ್ಚಿರಲಿಲ್ಲ. ಸುತ್ತಿದ ಕಂಡಿಕೆಗಳು ಬಣ್ಣದ ಪ್ರಕಾರ ಸಾಲಾಗಿ ನಿಂತಿದ್ದವು. ಶಾಲೆಯ ಸಣ್ಣ ಗಂಟೆಗೆ ಚೀರಿದವಳು ಇಷ್ಟು ಸದ್ದನ್ನು ಹೇಗೆ ತಾಳುವಳೆಂದು ಕೇಳಿದೆವು. ತಾಯಿಯು ಅಕ್ಕಾವರೆಂದು ನಮ್ಮನ್ನು ಗೌರವದಿಂದ ಕರೆದು, ಮಗ್ಗದ ಸದ್ದು ಬೆಳಗಿನಿಂದ ಸಂಜೆಯ ತನಕ ಒಂದೇ ಸಮನೆ ಇರುವದು, ಗಂಟೆಯು ಹೇಳದೆ ಕೇಳದೆ ಬಾರಿಸುವದು ಎಂದು ತಿಳಿಸಿದಳು. ಶಾಲೆಗೆ ಹೋದದ್ದೇ ಇಲ್ಲದ ಆ ತಾಯಿಗೆ ಇದು ಗೊತ್ತಿತ್ತು. ನಾವು ಕೇಳಿರಲಿಲ್ಲ. ತಂದೆಯವರು ಒಂದು ಕಠಿಣ ಮಾತನ್ನೂ ಆಡಲಿಲ್ಲ, ಚಹಾ ತರಿಸಿದರು. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಹುಡುಗಿಯು ಮರಳಿ ಬಂದಳು. ಎಲ್ಲವೂ ಸರಿಹೋಯಿತೆಂದು ಬರೆಯಲಾರೆವು. ಗಂಟೆಗೆ ಐದು ನಿಮಿಷ ಮೊದಲು ಅವಳ ಮೇಜಿನ ಮೇಲೆ ಒಂದು ಕೆಂಪು ಕಾರ್ಡನ್ನು ಇಡುವ ಕೆಲಸವನ್ನು ತರಗತಿಯ ಹುಡುಗಿಯರೇ ವಹಿಸಿಕೊಂಡಿದ್ದಾರೆ. ಪ್ರಾರ್ಥನೆಯ ವೇಳೆಯಲ್ಲಿ ಅವಳು ಗ್ರಂಥಾಲಯದಲ್ಲಿ ಕುಳಿತಿರುವಳು. ಹಾಡು ಗೋಡೆಯಾಚೆಯಿಂದ ಕೇಳಿದರೆ ಅವಳಿಗೆ ಸಂಕಟವಿಲ್ಲ. ಗಣಿತದಲ್ಲಿ ತರಗತಿಗಿಂತ ಮುಂದೆ, ಕನ್ನಡ ಪ್ರಬಂಧದಲ್ಲಿ ಬಹಳ ಹಿಂದೆ. ಕೆಲವು ದಿವಸ ಏನೂ ನಡೆಯುವದಿಲ್ಲ, ಅಂದು ಮನೆಗೆ ಕಳಿಸುವೆವು, ಮರುದಿವಸ ಬರುವಳು. ಹತ್ತನೆಯ ತರಗತಿಯ ಪರೀಕ್ಷೆಗೆ ಸರಕಾರದವರು ಇಂಥ ಮಕ್ಕಳಿಗೆ ರಿಯಾಯಿತಿ ಕೊಡುತ್ತಾರೆ; ಅದಕ್ಕೆ ಬೇಕಾದ ವೈದ್ಯಕೀಯ ಪ್ರಮಾಣಪತ್ರವನ್ನು ತಂದೆಯವರು ಎರಡು ದಿನದ ಕೂಲಿ ಬಿಟ್ಟು ಹೋಗಿ ಮಾಡಿಸಿ ತಂದಿದ್ದಾರೆ.

ಬರುವ ಜೂನ್ ತಿಂಗಳ ಪ್ರವೇಶಕ್ಕೆ ಇಂಥ ಮಗುವುಳ್ಳ ಪೋಷಕರು ಯಾರಾದರೂ ಇದ್ದರೆ, ಮೇ ತಿಂಗಳಲ್ಲಿಯೇ ಮಗುವಿನ ಸಂಗಡ ಬಂದು ನಮ್ಮನ್ನು ಕಾಣಬೇಕೆಂದು ಕೋರುತ್ತೇವೆ. ಶಾಲೆಯು ಆಗ ಖಾಲಿ ಇರುವದು. ಕೋಣೆಗಳನ್ನೂ ಅಂಗಳವನ್ನೂ ಮಗುವು ತನಗೆ ಬೇಕಾದಷ್ಟು ಹೊತ್ತು ನೋಡಿಕೊಂಡು ಹೋಗಬಹುದು.